ಕೋಟೆಯ ಮಣ್ಣು ಮತ್ತು ಶ್ರಾವಣಿಯ ನಾಲಿಗೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹಲ್ಲಿನ ಡಾಕ್ಟರು, ಕಸ್ತೂರಿ ಬಿರಾದಾರ. ಹಲ್ಲು ಕೊರೆಯುತ್ತಲೇ ಕತೆ ಹೇಳುವುದು ಅವರ ಅಭ್ಯಾಸ. ಬಾಯಿ ತೆರೆದು ಮಲಗಿದವರು ನಡುವೆ ಪ್ರಶ್ನೆ ಕೇಳುವುದಿಲ್ಲ, "ಇದು ನನಗೆ ಗೊತ್ತಿತ್ತು ಬಿಡಿ" ಎನ್ನುವುದೂ ಇಲ್ಲ. ಹಾಗಾಗಿ ಪೂರ್ತಿ ಕೇಳಿದೆ. ನನ್ನ ಗಂಡನ ಯಾವ ಕತೆಗೂ ಈ ಭಾಗ್ಯ ಸಿಕ್ಕಿಲ್ಲ.

ಬೀದರಿನಲ್ಲಿ ವಜೀರ್‌ಸಾಬ ಎಂಬ ಬಿದರಿ ಕೆಲಸದ ಉಸ್ತಾದರಿದ್ದರು. ಬಿದರಿ ಪಾತ್ರೆಯನ್ನು ನೀವು ನೋಡಿರಬಹುದು: ಕಡುಗಪ್ಪು ಮೈ, ಅದರ ಮೇಲೆ ಬೆಳ್ಳಿಯ ಹೂಬಳ್ಳಿ. ಆದರೆ ಆ ಕಪ್ಪು ಹುಟ್ಟಿನಿಂದ ಬಂದದ್ದಲ್ಲ. ಎರಕದಿಂದ ತೆಗೆದಾಗ ಪಾತ್ರೆಯದು ಬೂದಿ ಬಣ್ಣ. ಅದರ ಮೇಲೆ ಉಳಿಯಿಂದ ಬಳ್ಳಿ ಕೆತ್ತುತ್ತಾರೆ. ಕೆತ್ತಿದ ಗೀರಿನಲ್ಲಿ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕಟ್ಟಕಡೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ನೀರಿಗೆ ಹಾಕಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಆ ಮಣ್ಣು ಎಲ್ಲೆಂದರಲ್ಲಿ ಸಿಗುವುದಿಲ್ಲ. ಬಹಳ ಕಾಲ ಬಿಸಿಲು ಮಳೆ ತಾಗದ ಮೂಲೆಯ ಮಣ್ಣಾಗಬೇಕು. ಕಣ್ಣಿಗೆ ಎಲ್ಲ ಮಣ್ಣೂ ಒಂದೇ. ಒಳ್ಳೆಯದು ಯಾವುದೆಂದು ನಾಲಿಗೆಯೇ ಹೇಳಬೇಕು. ಚಿಟಿಕೆ ಮಣ್ಣು ನಾಲಿಗೆಯ ತುದಿಗೆ ಮುಟ್ಟಿಸಿ, ರುಚಿ ನೋಡಿ, ಉಗಿಯುವುದು. ವಜೀರ್‌ಸಾಬರು ನಲವತ್ತು ವರ್ಷ ಹೀಗೆ ಮಣ್ಣು ಆರಿಸಿದವರು. ಅವರ ಕೈಯಲ್ಲಿ ಒಂದು ಪಾತ್ರೆಯೂ ಮಸುಕಾಗಿರಲಿಲ್ಲ.

ಒಂದು ವರ್ಷ ಊರಿಗೆಲ್ಲ ಜ್ವರ ಬಂತು. ಉಸ್ತಾದರಿಗೂ ಬಂತು. ಜ್ವರ ಹೋಯಿತು, ಹೋಗುವಾಗ ಅವರ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಯಿತು. ಉಪ್ಪೂ ಒಂದೇ, ಸಕ್ಕರೆಯೂ ಒಂದೇ.

ಕಾರ್ಖಾನೆಯಲ್ಲಿ ಬೇರೆ ನಾಲಿಗೆ ಹುಡುಕಿದರು. ಕೆತ್ತುವ ವೈಜಿನಾಥನ ಬಾಯಲ್ಲಿ ಹಗಲಿರುಳು ಗುಟ್ಕಾ. ಅವನ ನಾಲಿಗೆಗೆ ಮಣ್ಣಿಟ್ಟರೂ ಒಂದೇ, ಕೆಂಡವಿಟ್ಟರೂ ಒಂದೇ. ಬೆಳ್ಳಿ ತಂತಿ ಕೂಡಿಸುವ ಸುವರ್ಣಾ ಮೂರು ಚಿಟಿಕೆ ನೆಕ್ಕಿ, ಮುಖ ಕಿವುಚಿ, "ಮಣ್ಣಂದ್ರ ಮಣ್ಣ್ ಆಗೇದ ಉಸ್ತಾದ್, ಇನ್ನೇನ್ ಹೇಳ್ಲಿ?" ಎಂದಳು. ಆಗ ಅಲ್ಲೇ ಆಡುತ್ತಿದ್ದ ಅವಳ ಎಂಟು ವರ್ಷದ ಮಗಳು ಶ್ರಾವಣಿ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಇದಕ್ಕ ಬಿಸಲ್ ಬಿದ್ದದ," ಎಂದಳು. ಎರಡನೆಯದಕ್ಕೆ "ಇದ್ರಾಗ ನೀರ್ ಹರ್ದದ" ಎಂದಳು. ಮೂರನೆಯದಕ್ಕೆ ಸುಮ್ಮನಾದಳು. ತುಸು ಹೊತ್ತು ಬಿಟ್ಟು, "ಇದು ಮೊದ್ಲ ಏನೂ ಅನ್ನಂಗಿಲ್ಲ ಅಜ್ಜಾ. ಆಮ್ಯಾಲ ಮಾತಾಡ್ತದ," ಎಂದಳು.

ಉಸ್ತಾದರು ಎದ್ದು ನಿಂತುಬಿಟ್ಟರು. ನಲವತ್ತು ವರ್ಷ ತಮಗೆ ಗೊತ್ತಿದ್ದೂ ಬಾಯಿಬಿಟ್ಟು ಹೇಳಲು ಬಾರದ ಮಾತನ್ನು ಎಂಟು ವರ್ಷದ ಮಗು ಹೇಳಿತ್ತು. ಆ ದಿನದಿಂದ ಅವಳು ಕಾರ್ಖಾನೆಯ ನಾಲಿಗೆ. ಅವಳು ತೋರಿಸಿದಲ್ಲಿ ಅಗೆದು ಒಂದು ಚೀಲ ಮಣ್ಣು ತಂದರು. ಎರಡು ವರ್ಷಕ್ಕೆ ಅಷ್ಟು ಸಾಕು.

ಈ ಎರಡು ವರ್ಷದಲ್ಲಿ ಆದದ್ದನ್ನು ಕೇಳಿ. ಶ್ರಾವಣಿಯ ಅಪ್ಪ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಜ್ವರದ ಹೆದರಿಕೆಗೆ ಶಾಲೆಗೆ ಬೀಗ ಬಿದ್ದಿತ್ತು. ಸುವರ್ಣಾ ಮಗಳನ್ನು ಕೆಲಸಕ್ಕೇ ಕರೆತರುತ್ತಿದ್ದಳು. ತಂತಿ ಕೂಡಿಸುವಾಗ ಕಣ್ಣು ಕದಲಿಸುವಂತಿಲ್ಲ. ಪಕ್ಕದಲ್ಲಿ ಮಗು "ಅವ್ವಾ ಹಸಿವು, ಅವ್ವಾ ಬ್ಯಾಸರ" ಎನ್ನುತ್ತಿತ್ತು. ಮೂಲೆಯ ಅಂಗಡಿಯಲ್ಲಿ ಬಣ್ಣಬಣ್ಣದ ಪೊಟ್ಟಣಗಳು ತೋರಣದಂತೆ ತೂಗುತ್ತಿದ್ದವು. ಒಂದು ಪೊಟ್ಟಣ ಕೊಟ್ಟರೆ ಒಂದು ತಾಸು ಶಾಂತಿ. ಖಾರದ ಕಡ್ಡಿ, ಗುಲಾಬಿ ಕ್ರೀಮಿನ ಬಿಸ್ಕತ್ತು, ಕಿತ್ತಳೆಯನ್ನೇ ಕಂಡಿರದ ಕಿತ್ತಳೆ ಪಾನಕ. ಯಾರೂ ಸುವರ್ಣಾಳನ್ನು ಬೈಯಬೇಡಿ. ಫೋನಿನಲ್ಲಿ ಮಾತಾಡಲು ಮಗುವಿನ ಕೈಗೆ ಬಿಸ್ಕತ್ತು ತುರುಕಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ, ನೀವೂ ಇದ್ದೀರಿ.

ಡಾಕ್ಟರು ಇಲ್ಲಿ ಕೊರೆಯುವುದು ನಿಲ್ಲಿಸಿ ಒಂದು ಮಾತು ಹೇಳಿದರು. "ಆ ಪೊಟ್ಟಣ ಮಾಡೋರು ದಡ್ಡರಲ್ರಿ. ಇನ್ನೊಂದು ತಿನ್ನಬೇಕು ಅನ್ನಿಸೋ ಹಾಗೇ ಉಪ್ಪು, ಸಕ್ಕರೆ, ಎಣ್ಣಿ ಅಳತಿ ಮಾಡಿರ್ತಾರ. ಬೆಳಿಯೋ ತಲಿ ಪಾಪ, ಕಲಿಯೋದ್ರಾಗ ಭಾಳ ಶ್ಯಾಣ್ಯಾ. ಏನ್ ಕೊಟ್ರೂ ಕಲೀತದ. ಅದನ್ನೂ ಕಲೀತದ."

ಶ್ರಾವಣಿ ಕಲಿತಳು. ಜೋಳದ ರೊಟ್ಟಿ ಸಪ್ಪೆಯಾಯಿತು. ಹೆಸರುಕಾಳಿನ ಪಲ್ಯ ಹುಲ್ಲಾಯಿತು. ಹುಡುಗಿ ದುಂಡಗಾದಳು. ಓಣಿಯವರು ಮೊದಮೊದಲು ಗಲ್ಲ ಹಿಂಡಿ "ಏನ್ ಛಂದ ತುಂಬ್ಯಾಳ, ಲಕ್ಷ್ಮಿ ಕಳಿ!" ಎಂದರು. ಆಮೇಲೆ ಅದೇ ಓಣಿಯವರು, ಜನ ತುಂಬಿದ ಆಟೋಗೆ ಹೋಲಿಸಿ, "ಏ ಟಮ್‌ಟಮ್, ದಾರಿ ಬಿಡ" ಎಂದರು. ಜನ ಹೀಗೆಯೇ, ಕಂತಿನಲ್ಲಿ ಬದಲಾಗುತ್ತಾರೆ. ಶಾಲೆ ಮತ್ತೆ ತೆರೆದಾಗ, ಅವಳು ಹತ್ತು ನಿಮಿಷ ಒಂದು ಕಡೆ ಕೂರುವುದಿಲ್ಲ, ಬರುತ್ತಿದ್ದ ಮಗ್ಗಿಯೂ ಮರೆತುಹೋಗಿದೆ ಎಂದು ಟೀಚರು ದೂರಿದರು.

ಅದೇ ಹೊತ್ತಿಗೆ ಮಣ್ಣಿನ ಚೀಲವೂ ಬರಿದಾಯಿತು.

ಕಾರ್ಖಾನೆಯಲ್ಲಿ ಒಂದು ಸುರಾಹಿ ತಯಾರಾಗಿತ್ತು. ಉದ್ದ ಕತ್ತಿನ ಹೂಜಿ. ಮೈತುಂಬ ದ್ರಾಕ್ಷಿಬಳ್ಳಿ. ಸುವರ್ಣಾ ನಾಲ್ಕು ತಿಂಗಳು ತಂತಿ ಕೂಡಿಸಿದ್ದಳು. ಒಂದೊಂದು ಎಲೆಗೂ ಕೂದಲಿನಷ್ಟು ಸಣ್ಣ ನರ. ಇಂಥ ಕೆಲಸ ನಾನೂ ಮಾಡಿಲ್ಲ ಎಂದು ಉಸ್ತಾದರೇ ಹೇಳಿದ್ದರು. ಕಪ್ಪು ಕೊಡುವುದೊಂದೇ ಬಾಕಿ.

ಎಲ್ಲರೂ ಕೋಟೆಗೆ ಹೋದರು. ಶ್ರಾವಣಿ ಮೂರು ಕಡೆ ಮಣ್ಣು ನೆಕ್ಕಿದಳು. ಮೊದಲನೆಯದರಲ್ಲಿ ಏನೂ ತಿಳಿಯಲಿಲ್ಲ. ಎರಡನೆಯದರಲ್ಲೂ ತಿಳಿಯಲಿಲ್ಲ. ಅವಳಿಗೆ ಗಾಬರಿಯಾಯಿತು. ಮೂರನೆಯದು ಉಪ್ಪುಪ್ಪಾಗಿತ್ತು. ಅಬ್ಬಾ, ಏನೋ ಒಂದು ರುಚಿ ಸಿಕ್ಕಿತು!

"ಇದೇ," ಎಂದುಬಿಟ್ಟಳು.

ಅದು ಗೋಡೆಗೆ ಉಪ್ಪೊಡೆದು ಉದುರಿದ ಮಣ್ಣು. ಎರಡು ವರ್ಷ ಜೋರಾಗಿ ಕೂಗುವ ರುಚಿಯನ್ನೇ ತಿಂದ ನಾಲಿಗೆಗೆ, ಕೂಗಿದ ಮಣ್ಣಷ್ಟೇ ಕೇಳಿಸಿತ್ತು.

ಸುರಾಹಿಯನ್ನು ಅದ್ದಿ ತೆಗೆದರು. ಮೈಯೆಲ್ಲ ಬೂದಿ ಬಳಿದಂತೆ, ಅಲ್ಲಲ್ಲಿ ತೊನ್ನಿನಂತೆ ಕಲೆ. ನಾಲ್ಕು ತಿಂಗಳ ಬಳ್ಳಿ ಆ ಮಸುಕಿನಲ್ಲಿ ಮುಳುಗಿಹೋಗಿತ್ತು. ಸುವರ್ಣಾ ಸೆರಗಿನಿಂದ ಒಮ್ಮೆ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಆಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ವೈಜಿನಾಥ ಗುಟ್ಕಾ ಉಗಿದು ಬಂದ. "ಪೊಟ್ಟಣ ತಿಂದ್ ತಿಂದ್ ನಾಲಿಗಿನೂ ದಪ್ಪ್ ಆಗ್ಯಾದ್ ನೋಡ್ರಿ! ಇಂಥಾಕಿನ ಮಾತ್ ಕೇಳೋದಾ?"

ಶ್ರಾವಣಿ ಅಲ್ಲಿರಲಿಲ್ಲ. ಹಿತ್ತಲಿನ ಎರಕದ ಕೋಣೆಯಲ್ಲಿ, ಅಚ್ಚುಗಳ ರಾಶಿಯ ಹಿಂದೆ ಅಡಗಿ ಕೂತಿದ್ದಳು. ಉಸ್ತಾದರು ಹುಡುಕಿಕೊಂಡು ಹೋಗಿ, ಮೆಲ್ಲಗೆ ಅವಳ ಪಕ್ಕ ಕೂತರು.

"ನನ್ ನಾಲಿಗಿ ಸತ್ತದ ಅಜ್ಜಾ," ಎಂದಳು ಹುಡುಗಿ. "ನಾ ಸುಳ್ಳ್ ಹೇಳ್ದೆ. ನನಗ ಏನೂ ಗೊತ್ತಾಗ್ಲಿಲ್ಲ. ಅವ್ವನ ಸುರಾಹಿ ಕೆಡಿಸ್ದೆ. ಇನ್ನ ಮ್ಯಾಲ ಬ್ಯಾರೆ ಯಾರ್ನರೆ ಇಟ್ಕೊ."

"ಸತ್ತ ನಾಲಿಗಿ ಹ್ಯಾಂಗಿರ್ತದ ಅಂತ ನನಗ ಗೊತ್ತು ಬೇಟಿ, ನನ್ನ ಬಾಯಾಗೇ ಅದ," ಎಂದರು ಉಸ್ತಾದರು. "ನಿಂದು ಸತ್ತಿಲ್ಲ. ಬಾ ಇಲ್ಲಿ."

ಅಲ್ಲೇ ಒಂದು ತಟ್ಟೆಯಿತ್ತು. ಕೆತ್ತುವ ಮೊದಲು ಗೆರೆ ಕಾಣಲೆಂದು ಪಾತ್ರೆಗೆ ಮೈಲುತುತ್ತದ ನೀರು ಬಳಿಯುತ್ತಾರೆ. ಅದೂ ಕಪ್ಪೇ. ಹಾಗೆ ಬಳಿದಿಟ್ಟ ಆ ತಟ್ಟೆಯನ್ನು ಉಸ್ತಾದರು ಮರಳು ಕಾಗದದಿಂದ ಎರಡು ಸಲ ಉಜ್ಜಿದರು. ಕಪ್ಪು ಹೋಗಿ ಲೋಹ ಹೊಳೆಯಿತು. ಆಮೇಲೆ ಹಳೆಯ ಬಿದರಿ ಡಬ್ಬಿಯೊಂದನ್ನು ತೆಗೆದು, ಅದರ ಮೈ ಮೇಲೆ ಹೆಬ್ಬೆರಳು ಜೋರಾಗಿ ತಿಕ್ಕಿದರು. ಅದು ಇನ್ನಷ್ಟು ಕಪ್ಪಾಗಿ ಮಿಂಚಿತು.

"ಕಪ್ಪಿನಾಗ ಎರಡ್ ಥರಾ. ಒಂದು ಮ್ಯಾಲ ಕೂತಿದ್ದು, ಇನ್ನೊಂದು ಒಳಗ ಇಳಿದಿದ್ದು. ನಿನ್ ನಾಲಿಗಿ ಮ್ಯಾಲ ಇರೋದು ಕೂತಿದ್ದು. ಉಜ್ಜಿದ್ರ ಹೋಗ್ತದ." ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. "ಆದ್ರ ತಡಾ ಮಾಡಬಾರ್ದು. ಈ ತಲಿ ಅದಲಾ, ಇದಿನ್ನೂ ಹಸೀ ಅಚ್ಚು. ಹಸೀದ್ರಾಗ ಏನ್ ಒತ್ತಿದ್ರೂ ಗುರ್ತ ಕೂಡ್ತದ. ಒಣಗಿದ ಮ್ಯಾಲ ತಿದ್ದೋದು ಭಾಳ ಕಷ್ಟ. ನಲವತ್ತ್ ದಿನ ಪೊಟ್ಟಣ ಮುಟ್ಟದ ನಾಲಿಗಿ ಖಾಲಿ ಇಡ್ತಿಯೇನು? ಸುರಾಹಿ ಉಜ್ಜಿ ಮತ್ತ ಬಿಳೇದು ಮಾಡಿ ಇಟ್ಟಿರ್ತೀನಿ. ನೀ ಮಣ್ಣ್ ತೋರ್ಸೋ ತನಕ ಅದ್ದಂಗಿಲ್ಲ."

"ನಲವತ್ತ್ ದಿನ ಆದ ಮ್ಯಾಲನೂ ಗೊತ್ತಾಗ್ಲಿಲ್ಲಂದ್ರ?"

"ಬಿಳೀ ಸುರಾಹಿ ಮಾಡಿದ ಮೊದಲನೇ ಉಸ್ತಾದ್ ಅಂತ ನನ್ ಹೆಸರ ಆಗ್ತದ. ಆಗ್ಲಿ ಬಿಡು."

ಶ್ರಾವಣಿ ಮೂಗೊರೆಸಿಕೊಂಡು ಹೂಂ ಎಂದಳು.

ಆ ಹಿರಿಯರ ದೊಡ್ಡತನ ನೋಡಿ. ಮಗುವಿಗೆ ಒಂದು ಪಟ್ಟಿ ಕೊಟ್ಟು "ಇದು ತಿನ್ನಬೇಡ, ಅದು ತಿನ್ನಬೇಡ" ಎನ್ನಲಿಲ್ಲ. ಮೊದಲು ಕಾರ್ಖಾನೆಯ ಎಲ್ಲರನ್ನೂ ಕೂರಿಸಿದರು. "ಹೊಸಲಿನ ಒಳಗ ಪೊಟ್ಟಣ ಬರಂಗಿಲ್ಲ. ಯಾರ್ದೂ," ಎಂದರು. ವೈಜಿನಾಥ ಮುಗುಳ್ನಗುತ್ತಾ ತಲೆಯಾಡಿಸಿದ. "ನಿನ್ನ ಗುಟ್ಕಾನೂ ಪೊಟ್ಟಣದಾಗೇ ಬರ್ತದಲ್ಲೋ ಮಾರಾಯಾ," ಎಂದರು ಉಸ್ತಾದರು. ಅವನ ನಗು ಅಲ್ಲೇ ನಿಂತಿತು. ನಲವತ್ತು ದಿನದ ಆ ವ್ರತದಲ್ಲಿ ಶ್ರಾವಣಿಗಿಂತ ಹೆಚ್ಚು ಒದ್ದಾಡಿದವನು ಅವನೇ ಎಂದು ಡಾಕ್ಟರು ಹೇಳಿದರು. ದಿನಕ್ಕೆ ನೂರು ಸಲ ಹೊರಗೆ ಹೋಗಿ ಬರುತ್ತಿದ್ದನಂತೆ.

ಎರಡನೆಯದಾಗಿ, ಉಸ್ತಾದರು ದಿನಾ ಬೆಳಿಗ್ಗೆ ಶ್ರಾವಣಿಯನ್ನು ಕೋಟೆಗೆ ಕರೆದುಕೊಂಡು ಹೋಗತೊಡಗಿದರು. ಏರಿನಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ "ಅರೆರೆ, ಮೊಣಕಾಲು!" ಎಂದು ನಿಲ್ಲುತ್ತಿದ್ದರು. ಶ್ರಾವಣಿಗೆ ಏದುಸಿರು. ಅಜ್ಜ ನಿಂತರಲ್ಲ, ತಾನೂ ನಿಲ್ಲಬಹುದು ಎಂದು ಅವಳಿಗೆ ಖುಷಿ. ವಾರ ಕಳೆದಂತೆ ಆ ಮೊಣಕಾಲು ಮೂವತ್ತು ಹೆಜ್ಜೆಗೊಮ್ಮೆ ನೋಯಿತು, ಆಮೇಲೆ ಐವತ್ತಕ್ಕೊಮ್ಮೆ. ಒಂದು ದಿನ ಶ್ರಾವಣಿ ಕೋಟೆಯ ಬಾಗಿಲವರೆಗೆ ಒಂದೇ ಉಸಿರಿಗೆ ಹತ್ತಿ ತಿರುಗಿ ನೋಡಿದಳು. ಅಜ್ಜ ಸರಸರನೆ ಹತ್ತಿ ಬರುತ್ತಿದ್ದರು.

"ಅಜ್ಜಾ, ನಿನಗ ಮೊಣಕಾಲ್ ಬ್ಯಾನಿನೇ ಇಲ್ಲ!"

"ಇತ್ತವ್ವಾ," ಎಂದರು ಉಸ್ತಾದರು. "ನಿಂದು ಉಸಿರು ಸುಧಾರ್ಸಿತು ನೋಡು, ನಂದು ಮೊಣಕಾಲು ಸುಧಾರ್ಸಿತು."

ಮೊದಲ ಹತ್ತು ದಿನ ಕಷ್ಟವಿತ್ತು. ಹುಡುಗಿ ರೇಗಿದಳು, ಅತ್ತಳು, ರೊಟ್ಟಿಯನ್ನು ಹಿಟ್ಟಿನ ಚಪ್ಪಡಿ ಎಂದು ಬೈದಳು. ಸುವರ್ಣಾ ಜಗಳಕ್ಕೆ ಹೋಗಲಿಲ್ಲ. ಹಂಚಿನ ಬಿಸಿ ಆರುವ ಮೊದಲೇ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಇಟ್ಟುಕೊಂಡು ಮಗಳ ಎದುರು ತಾನೂ ಊಟಕ್ಕೆ ಕೂತಳು. ಮಧ್ಯಾಹ್ನ ಅರ್ಧ ತಾಸು ತಂತಿಯ ಕೆಲಸ ಬಿಟ್ಟಳು. ಎರಡು ವರ್ಷದಲ್ಲಿ ಅವಳು ಮಗಳ ಜೊತೆ ಕೂತು ಉಂಡದ್ದು ಅದೇ ಮೊದಲು. ಅದು ಅವಳಿಗೇ ಆಗ ಹೊಳೆಯಿತು.

ಹದಿನೆಂಟನೆಯ ದಿನ ಶ್ರಾವಣಿ ರೊಟ್ಟಿ ಮುರಿದು ಬಾಯಿಗಿಟ್ಟು ನಿಲ್ಲಿಸಿದಳು.

"ಅವ್ವಾ, ಇದು ನಿನ್ನಿನ ಜ್ವಾಳ ಅಲ್ಲ."

ಸುವರ್ಣಾ ಬೆಚ್ಚಿದಳು. ಹಿಂದಿನ ಸಂಜೆಯಷ್ಟೇ ಹೊಸ ಜೋಳ ಬೀಸಿಸಿ ತಂದಿದ್ದಳು. ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತಮೂರನೆಯ ದಿನ ಗೆಳತಿಯ ಹುಟ್ಟುಹಬ್ಬ. ಶ್ರಾವಣಿ ಅಲ್ಲಿ ಒಂದಲ್ಲ, ಎರಡು ಪೊಟ್ಟಣ ಖಾಲಿ ಮಾಡಿದಳು. ಮರುದಿನ ಬೆಳಿಗ್ಗೆ ಕೋಟೆಯ ದಾರಿಯಲ್ಲಿ ಬಾಯಿಬಿಡದೆ ನಡೆದಳು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಏರಿನಲ್ಲಿ ಅವಳೇ ನಿಂತಳು.

"ಅಜ್ಜಾ, ನಿನ್ನಿ ನಾ ತಿಂದೆ. ಎರಡ್. ಮತ್ತ ಒಂದರಿಂದ ಎಣಸ್ಲಿ?"

"ಖರೇ ಹೇಳಿದ ನಾಲಿಗಿ ಒಂದರಿಂದ ಯಾಕ ಎಣಸ್ಬೇಕು?" ಎಂದರು ಉಸ್ತಾದರು. "ಇವತ್ತ ಇಪ್ಪತ್ನಾಕು. ನಡಿ."

ನಲವತ್ತು ದಿನ ತುಂಬಿತು. ಶ್ರಾವಣಿಯೇನು ಮಲ್ಲಿಗೆ ಬಳ್ಳಿಯಂತಾಗಿರಲಿಲ್ಲ. ಅದು ಸಿನಿಮಾದಲ್ಲಿ, ಅದೂ ಒಂದೇ ಹಾಡಿನಲ್ಲಿ ಆಗುವಂಥದ್ದು. ಅವಳು ದುಂಡಗೇ ಇದ್ದಳು. ಆದರೆ ಮೆಟ್ಟಿಲು ಹತ್ತುತ್ತಿದ್ದಳು, ರಾತ್ರಿ ಗಡದ್ದಾಗಿ ನಿದ್ದೆ ಮಾಡುತ್ತಿದ್ದಳು, ಒಂದು ಇಡೀ ಪಿರಿಯಡ್ಡು ಕೂತು ಲೆಕ್ಕ ಬಿಡಿಸುತ್ತಿದ್ದಳು.

ಮತ್ತೆ ಎಲ್ಲರೂ ಕೋಟೆಗೆ ಹೋದರು. ಸುವರ್ಣಾಳೂ ಬಂದಿದ್ದಳು, ವೈಜಿನಾಥ ಗುದ್ದಲಿ ಹಿಡಿದಿದ್ದ. ಮೂರು ಕಡೆಯ ಮಣ್ಣನ್ನು ಎಲೆಯ ಮೇಲಿಟ್ಟರು.

ಶ್ರಾವಣಿ ಬಾಯಿ ಮುಕ್ಕಳಿಸಿದಳು. ಮೊದಲನೆಯದನ್ನು ಮುಟ್ಟಿಸಿ ಉಗಿದಳು. ಎರಡನೆಯದನ್ನೂ ಹಾಗೆಯೇ. ಮೂರನೆಯದಕ್ಕೆ ಬಹಳ ಹೊತ್ತು ಕಣ್ಣು ಮುಚ್ಚಿದಳು. ಅವ್ವ ನೋಡುತ್ತಿದ್ದಾಳೆ. ಅಜ್ಜ ನೋಡುತ್ತಿದ್ದಾರೆ. ಯಾವುದೋ ಒಂದಕ್ಕೆ ಹೌದೆಂದರೆ ಎಲ್ಲರಿಗೂ ನಿರಾಳ.

"ಮೂರೂ ಅಲ್ಲ," ಎಂದಳು.

"ಆತು!" ಎಂದ ವೈಜಿನಾಥ ಗುದ್ದಲಿ ಕೆಳಗಿಟ್ಟು. "ಹೋದ್ ಸಲ ಇದ್ದಿದ್ದ್ ಒಂದ್ ಕೆಡಿಸಿದ್ಳು. ಈ ಸಲ ಒಂದೂ ಇಲ್ಲಂತ!"

"ಸುಮ್ನಿರು," ಎಂದರು ಉಸ್ತಾದರು. "ಇಲ್ಲ ಅನ್ಲಿಕ್ಕ ಬರೋ ನಾಲಿಗಿ ಸಿಗೋದು ಭಾಳ ಅಪರೂಪ. ಬೇಟಿ, ನೀ ಮುಂದ ನಡಿ."

ಶ್ರಾವಣಿ ಮುಂದೆ ನಡೆದಳು. ಬಿದ್ದ ಗೋಡೆಯ ಬುಡ, ಹಳೆಯ ಕಮಾನಿನ ಮೂಲೆ, ಬಾಗಿಲಿಲ್ಲದ ಕೋಣೆ. ಎಲ್ಲೆಡೆ ಕೂತಳು, ಮುಟ್ಟಿಸಿದಳು, ಉಗಿದಳು, ಎದ್ದಳು. ಬಿಸಿಲು ಏರಿತು. ಸುವರ್ಣಾ "ನಾಳಿ ಬರೋಣಲ್ಲ?" ಎಂದಳು. ಹುಡುಗಿ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಒಂದು ಕಮಾನಿನೊಳಗೆ ನಾಲ್ಕು ಮೆಟ್ಟಿಲು ಇಳಿದು, ಕತ್ತಲ ಮೂಲೆಯಲ್ಲಿ ಬೆರಳಿನಿಂದ ಕೆದಕಿ ಚಿಟಿಕೆ ಮಣ್ಣು ನಾಲಿಗೆಗಿಟ್ಟಳು.

ಅವಳು ಉಗಿಯಲಿಲ್ಲ. ಸುಮ್ಮನೆ ಕೂತಳು. ಮೇಲೆ ನಿಂತ ಮೂವರಿಗೂ ಅವಳ ಬೆನ್ನಷ್ಟೇ ಕಾಣುತ್ತಿತ್ತು.

"ಅಜ್ಜಾ," ಎಂದು ಕೂಗಿದಳು. "ಇಲ್ಲಿ ಅಗೀರಿ."

ಆ ಸಂಜೆಯೇ ಹಂಡೆ ಕುದಿಯಿತು. ಉಸ್ತಾದರು ಬೆಳ್ಳಗೆ ಉಜ್ಜಿಟ್ಟ ಸುರಾಹಿಯನ್ನು ಸುವರ್ಣಾಳ ಕೈಗೆ ಕೊಟ್ಟರು, "ನಿನ್ನ ಕೆಲಸ, ನೀನೇ ಅದ್ದು" ಎಂದರು. ಸುವರ್ಣಾ ಅದ್ದಿದಳು. ತಿರುಗಿಸಿದಳು. ಮೇಲೆತ್ತಿದಳು.

ಸುರಾಹಿ ಕಾರ್ಗಪ್ಪಾಗಿತ್ತು. ಒಂದು ಕಲೆಯಿಲ್ಲ, ಒಂದು ಮಸುಕಿಲ್ಲ. ಆ ಕಪ್ಪಿನ ಮೇಲೆ ದ್ರಾಕ್ಷಿಬಳ್ಳಿ ಎಲೆ ಎಲೆಯಾಗಿ, ನರ ನರವಾಗಿ, ಆಗಷ್ಟೇ ಚಿಗುರಿದಂತೆ ಬೆಳ್ಳಗೆ ಎದ್ದಿತು. ವೈಜಿನಾಥ ಒಂದು ಹೆಜ್ಜೆ ಮುಂದೆ ಬಂದು ಬಳ್ಳಿಯನ್ನು ನೋಡಿದ, ಹುಡುಗಿಯನ್ನು ನೋಡಿದ. "ಶ್ರಾವಣಿ ಉಸ್ತಾದ್," ಎಂದ, "ಮುಂದಿನ ಸಲ ಚೀಲ ನಾ ಹೊರ್ತೀನಿ."

ಸುವರ್ಣಾ ಒದ್ದೆ ಕೈಯಲ್ಲೇ ಮಗಳ ಮುಖ ಹಿಡಿದುಕೊಂಡಳು. ಹುಡುಗಿಯ ಎರಡೂ ಗಲ್ಲದ ಮೇಲೆ ಕೋಟೆಯ ಮಣ್ಣಿನ ಗುರುತು ಮೂಡಿತು.

ನೀತಿ: ಬೆಳೆಯುವ ಮಗುವಿನ ತುತ್ತು ಹೊಟ್ಟೆಯಲ್ಲಿ ಮುಗಿಯುವುದಿಲ್ಲ. ಅದು ನಾಲಿಗೆಗೂ ಮೆದುಳಿಗೂ ದಿನದಿನದ ಪಾಠ. ಕೂಗುವ ರುಚಿಯನ್ನೇ ಉಣ್ಣಿಸಿದರೆ ಮಗುವಿಗೆ ಮೆಲುದನಿಯ ಒಳ್ಳೆಯದು ಕೇಳಿಸದೆ ಹೋಗುತ್ತದೆ. ಆದರೆ ಬೇಗ ಎಚ್ಚೆತ್ತರೆ, ಮೇಲೆ ಕೂತ ಮಸಿ ಹೋಗುತ್ತದೆ. ಅದನ್ನು ಬೈಗುಳದಿಂದ ಉಜ್ಜಬೇಡಿ. ಮನೆಯವರೆಲ್ಲ ಪೊಟ್ಟಣ ಬಿಟ್ಟು, ಮಗುವಿನ ಎದುರು ಊಟಕ್ಕೆ ಕೂತು, ಅದರ ಉಸಿರಿನ ಅಳತೆಗೆ ನಡೆದು ಉಜ್ಜಿ.

ಈಗ ಈ ಕತೆಯನ್ನು ಮುಂದಕ್ಕೆ ದಾಟಿಸಿ. ಹನ್ನೊಂದು ಜನಕ್ಕೆ ಕಳಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುತ್ತದೆ ಎಂದೆಲ್ಲ ನಾನು ಹೇಳುವುದಿಲ್ಲ. ಒಬ್ಬರಿಗೆ ಹೇಳಿದರೆ ಸಾಕು. ದುಂಡಗಿನ ಮಗುವನ್ನು ಕಂಡರೆ ನಗುವವರು ಯಾರಾದರೂ ನಿಮಗೆ ಗೊತ್ತಿದ್ದರೆ, ಮೊದಲು ಅವರಿಗೆ ಹೇಳಿ.